ದಾದಿ ಪೀಪಾಯಿ

ನವೆಂಬರ್ 11, 1995. ಶನಿವಾರ, ಸಂತ ಮಾರ್ಟಿನ್ ಹಬ್ಬ

ಎಬ್ರೊ ನದಿಯ ಎರಡೂ ದಂಡೆಗಳಲ್ಲಿ ಹುಡುಕಿದರೂ ನನ್ನಂಥ ಮೂಗು ಇನ್ನೊಂದಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಒಂದು ಲೋಟ ಕೆಂಪು ವೈನ್ ಮೂಸಿ, ಈ ದ್ರಾಕ್ಷಿ ಕೊಯ್ದವಳು ಎಡಚಿ, ಅವಳಿಗೆ ಮೂವರು ಮಕ್ಕಳು, ನಡುವಿನದಕ್ಕೆ ಕೆಮ್ಮು ಎಂದು ಹೇಳಿದ್ದೆ. ವಿಚಾರಿಸಿದರೆ ಮೂರೂ ನಿಜ. ಅಲ್ಲಿದ್ದ ಇಬ್ಬರು ಫ್ರಾನ್ಸಿನ ವ್ಯಾಪಾರಿಗಳು ಟೋಪಿ ತೆಗೆದು ಗೊಳೋ ಎಂದು ಅತ್ತರು.

ಇದು ನೆಲಮಾಳಿಗೆಯ ದಾಖಲೆ ಪುಸ್ತಕವಲ್ಲ. ಅದು ಮೇಜಿನ ಮೇಲಿರುತ್ತದೆ. ಅಣ್ಣನ ಮಗಳು ಕಾಸಿಲ್ದಾ ಲೊಗ್ರೊನ್ಯೊ ಪಟ್ಟಣದ ಔಷಧಿ ಅಂಗಡಿಯ ಕೆಲಸ ಮುಗಿಸಿ ಶನಿವಾರ ಶನಿವಾರ ಬಂದು ಅದನ್ನು ಓದುತ್ತಾಳೆ. ಇದು ನನ್ನ ಕಾಲುಚೀಲಗಳ ಕೆಳಗಿರುವ ಪುಸ್ತಕ. ನನ್ನಂಥವನು ನಾಲ್ಕು ಸಾಲು ಬರೆದಿಡದೆ ಹೋದರೆ ಲೋಕಕ್ಕೇ ನಷ್ಟ.

ಅಣ್ಣ ಬೊನಿಫಾಸಿಯೊ ತೀರಿಕೊಂಡು ಬರುವ ಜನವರಿಗೆ ಒಂದು ವರ್ಷ. ಅವನು ಕೊನೆಯದಾಗಿ ಕೊಯ್ದ, ನಮ್ಮಪ್ಪ ನೆಟ್ಟ ಕಲ್ಲುದಿಣ್ಣೆಯ ತೋಟದ ದ್ರಾಕ್ಷಿಯ ವೈನ್ ನಲವತ್ತು ಓಕ್ ಪೀಪಾಯಿಗಳಲ್ಲಿ ಮಲಗಿದೆ. ಕೆಳಸಾಲಿನಲ್ಲಿ ಹದಿನಾರು, ನಡುಸಾಲಿನಲ್ಲಿ ಹದಿನಾರು, ಮೇಲುಸಾಲಿನಲ್ಲಿ ಎಂಟು. ಕಲ್ಲುತೊಟ್ಟಿಯಲ್ಲಿ ಗೊಂಚಲು ತುಳಿಯುವಾಗಲೇ ಅಣ್ಣನಿಗೆ ಉಸಿರು ಕಟ್ಟುತ್ತಿತ್ತು. ಆದರೂ ಯಾರಿಗೂ ಜಾಗ ಬಿಡಲಿಲ್ಲ. ಸಾಯುವ ಮುಂಚೆ ನನ್ನ ಕೈ ಹಿಡಿದು, "ನೋಡ್ಕೊಳ್ಳೋ" ಅಂದ. ಅಷ್ಟೇ. ಮುಂದಿನ ವರ್ಷ ಅದು ಬಾಟಲಿಗೆ ಇಳಿಯುತ್ತದೆ, ಮೇಲೆ ಅವನ ಹೆಸರು.

ಇವತ್ತು ಮೇಲುಸಾಲಿಗೆ ವೈನ್ ತುಂಬಿಸಿ, ಬಿರಡೆಗಳನ್ನು ಬಡಿದು, ಏಣಿಯಿಂದ ಇಳಿದೆ. ಮಾಮೂಲಿಗಿಂತ ಸ್ವಲ್ಪ ಬೇಗ ಇಳಿದೆ. ತಲೆಯ ಹಿಂಭಾಗ ಮೊದಲು ನೆಲ ಮುಟ್ಟಿತು. ಎದ್ದು ನೋಡಿದರೆ ಮೇಣದಬತ್ತಿ ಎರಡು ಬೆರಳಿನಷ್ಟು ಕರಗಿತ್ತು. ನನ್ನ ಬುರುಡೆಯ ಏಟಿಗೆ ಹಾಸುಗಲ್ಲು ಬಿರುಕು ಬಿಟ್ಟಿರಬೇಕು, ಕತ್ತಲಲ್ಲಿ ಕಾಣಲಿಲ್ಲ. ವೈನ್ ತೆಗೆಯಲು ಬಿಚ್ಚಿದ್ದ ದಾದಿ ಪೀಪಾಯಿಯ ಬಿರಡೆ ಎಲ್ಲಿಗೆ ಉರುಳಿತೋ ಸಿಗಲಿಲ್ಲ. ಅದರ ಬಾಯಿಗೆ ಚಿಂದಿ ತುರುಕಿ ಬಂದೆ. ಯಾರಿಗೂ ಹೇಳಿಲ್ಲ. ಅರವತ್ತಮೂರರ ಎಲಾದಿಯೊ ಬಿದ್ದ ಎಂದರೆ ಊರಿಗೆ ಇನ್ನೊಂದು ಹಬ್ಬ.

ನವೆಂಬರ್ 14

ಅತ್ತಿಗೆ ರೆಮೆದಿಯೊಸ್‌ಗೆ ವಯಸ್ಸಾಯಿತು. ಬೆಳ್ಳುಳ್ಳಿ ಸಾರಿಗೆ ಬೆಳ್ಳುಳ್ಳಿಯನ್ನೇ ಹಾಕಿರಲಿಲ್ಲ. ಹೇಳಿದೆ.

"ಒಂದು ಗಡ್ಡೆ ಪೂರ್ತಿ ಹಾಕಿದೀನಿ, ಮೈದುನಾ."

"ಹಾಗಾದ್ರೆ ಅದು ಸಾರಿಗೆ ಬಿದ್ದಿಲ್ಲ, ಪಕ್ಕಕ್ಕೆ ಬಿದ್ದಿದೆ."

"ಇನ್ನೂ ನಾಲ್ಕು ಮಾತಾಡು, ಪಾತ್ರೆ ನಿನ್ನ ತಲೆಗೇ ಬೀಳುತ್ತೆ."

ಕಾಫಿಯೂ ಬಿಸಿನೀರು. ಅಂಗಡಿಯವರು ಕಲಬೆರಕೆ ಶುರು ಮಾಡಿದ್ದಾರೆ.

ನವೆಂಬರ್ 25, ಶನಿವಾರ

ಓಕ್ ಮರ ಕುಡುಕ. ಹದಿನೈದು ದಿನಕ್ಕೊಮ್ಮೆ ಪ್ರತಿ ಪೀಪಾಯಿಯಲ್ಲೂ ಅರ್ಧ ಲೀಟರ್ ಇಂಗಿಹೋಗಿರುತ್ತದೆ. ಆ ಖಾಲಿ ಜಾಗಕ್ಕೆ ಗಾಳಿ ಸೇರಿದರೆ ವೈನ್ ಹಾಳು. ಅದಕ್ಕೇ ಬಾಗಿಲ ಬಳಿ ಅದೇ ವೈನಿನ ಒಂದು ಪೀಪಾಯಿ ಬೇರೆ ಇಟ್ಟಿರುತ್ತೇವೆ. ಉಳಿದವಕ್ಕೆಲ್ಲ ಹಾಲೂಡಿಸುವುದು ಅದೇ, ಆದ್ದರಿಂದ ದಾದಿ. ನಮ್ಮಜ್ಜನ ಕಾಲದಿಂದ ಒಂದೇ ನೇಮ: ದಾದಿಯನ್ನು ಮೂಸಿ ನೋಡದೆ ಮಕ್ಕಳಿಗೆ ಊಡಿಸಬಾರದು.

ಕಾಸಿಲ್ದಾ ಪೆನ್ನು ಹಿಡಿದು ನಿಂತಳು. ನಾನು ಚಿಂದಿ ಕಿತ್ತು, ಲೋಟಕ್ಕೆ ಇಳಿಸಿ, ತಿರುಗಿಸಿ, ಬಿಷಪ್ಪರ ಗತ್ತಿನಲ್ಲಿ ಮೂಗಿಟ್ಟೆ. ವೈನ್ ಏನೂ ಹೇಳಲಿಲ್ಲ. ಚಳಿಗೆ ಮುದುಡಿಕೊಂಡಿದೆ.

"ಏನು ಬರ್ತಿದೆ, ಚಿಕ್ಕಪ್ಪ?"

"ಬರ್ಕೋ. ಕಪ್ಪು ಚೆರ್ರಿ. ಹೊಸ ಬೂಟಿನ ಚರ್ಮ. ಹಿಂದೆ ಒಂದೆಳೆ ಅತಿಮಧುರ, ಅದರ ಹಿಂದೆ ನಿಮ್ಮಪ್ಪನ ಹಟ."

ನಕ್ಕಳು, ಬರೆದುಕೊಂಡಳು. ಹಟವನ್ನೂ ಬರೆದುಕೊಂಡಳು. ಕಳೆದ ಬೇಸಿಗೆಯಲ್ಲಿ ಆ ವೈನ್ ಹಾಗೇ ಇತ್ತು. ಆರು ತಿಂಗಳಲ್ಲಿ ಎಲ್ಲಿಗೆ ಹೋಗುತ್ತದೆ? ಅವಳು ಮನೆಗೆ ಹೋದ ಮೇಲೆ ಕೆಳಸಾಲು, ನಡುಸಾಲು ತುಂಬಿಸಿದೆ. ಮೇಲುಸಾಲಿಗೆ ಏರಲಿಲ್ಲ. ಏಣಿ ಸರಿಯಿಲ್ಲ. ಪುಸ್ತಕದಲ್ಲಿ ನಲವತ್ತಕ್ಕೂ ಗುರುತು ಹಾಕಿದೆ.

ಡಿಸೆಂಬರ್ 9

ಪೀಪಾಯಿ ಕಟ್ಟುವ ತೊರಿಬಿಯೊ ಬಂದಿದ್ದ. ಖಾಲಿ ಪೀಪಾಯಿಯೊಂದರಲ್ಲಿ ಬೂಷ್ಟು ಹಿಡಿಯದಿರಲೆಂದು ಗಂಧಕದ ಬತ್ತಿ ಉರಿಸಿದೆವು. ಹೊಗೆ ಹೊರಗೆ ನುಗ್ಗಿತು. ಅವನು ಕಣ್ಣುಮೂಗು ಸುರಿಸುತ್ತ ಮೆಟ್ಟಿಲು ಹತ್ತಿ ಓಡಿದ. ನಾನು ಹೊಗೆಯ ನಡುವೆ ಸಂತನ ಹಾಗೆ ನಿಂತೇ ಇದ್ದೆ.

"ಲೋ ಎಲಾದಿಯೊ, ಆಚೆ ಬಾರೋ! ಸಾಯ್ತೀಯ!"

"ಗಂಧಕ ನನ್ನನ್ನ ಕಂಡರೆ ಹೆದರುತ್ತೆ ಕಣೋ."

ಹೊರಗೆ ಬಂದಾಗ ಕಣ್ಣು ಟೊಮೇಟೊ ಆಗಿತ್ತು. ತೊರಿಬಿಯೊ ನನ್ನ ಮುಖವನ್ನೇ ನೋಡಿದ. ಬಿರುಕು ಬಿಟ್ಟ ಹಲಗೆಯನ್ನು ನೋಡುವಂತೆ ನೋಡಿದ.

ಡಿಸೆಂಬರ್ 24

ಮನೆಯಲ್ಲಿ ಯಾರೂ ಇಲ್ಲದಾಗ ಒಂದೊಂದನ್ನೇ ಮೂಸಿದೆ. ಈರುಳ್ಳಿ. ಬಟ್ಟೆ ಬಿಳಿ ಮಾಡುವ ನೀರು. ಸೀಮೆಎಣ್ಣೆ. ಕುರಿಹಾಲಿನ ಚೀಸ್. ಕೊನೆಗೆ ಬೀರು ತೆರೆದು ಅಣ್ಣನ ಕೋಟು.

ಮೂಗು ಹೋಗಿದೆ.

ಡಿಸೆಂಬರ್ 29

ಥೈಮ್ ಸೊಪ್ಪಿನ ಹಬೆ ತೆಗೆದುಕೊಂಡೆ; ಮುಖ ಬೆಂದಿತು. ನಶ್ಯ ಏರಿಸಿದೆ; ಸೀನು ಬಂತು, ವಾಸನೆ ಬರಲಿಲ್ಲ. ಹಾರೋ ಪಟ್ಟಣದ ಡಾಕ್ಟರ ಹತ್ತಿರ, "ನನ್ನ ಸ್ನೇಹಿತನೊಬ್ಬನಿಗೆ ಹೀಗಾಗಿದೆ" ಎಂದು ಹೇಳಿದೆ. "ನಿಮ್ಮ ಸ್ನೇಹಿತರಿಗೆ ತಲೆಗೆ ಪೆಟ್ಟು ಬಿದ್ದಿತ್ತಾ?" ಎಂದು ಕೇಳಿದರು. ಬಿದ್ದಿರಬಹುದು ಎಂದೆ. "ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಬರಲ್ಲ ಅಂತ ಅವರಿಗೆ ಹೇಳಿ" ಎಂದರು.

ಹೇಳಿದ್ದೇನೆ. ಅವನು ನಂಬುತ್ತಿಲ್ಲ.

ಜನವರಿ 13, ಶನಿವಾರ

ನಾಳೆ ಅಣ್ಣನ ವರ್ಷದ ಪೂಜೆ. ಕಾಸಿಲ್ದಾ ಕಪ್ಪು ಬಟ್ಟೆ ಹಿಡಿದುಕೊಂಡು ಬಂದಿದ್ದಳು. ನಾನು ತುಂಬಿಸುತ್ತಿದ್ದೆ, ಎರಡು ಸಾಲು. ದಾದಿಯಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಗಂಟಲು ಚುರ್ ಎಂದಿತು. ವೈನ್ ಎಂದರೆ ಹುಳಿ ಇದ್ದೇ ಇರುತ್ತದೆ, ಚಳಿಗೆ ಗಂಟಲೂ ಕೆಟ್ಟಿದೆ. ಇರಲಿ.

ಅವಳು ಕೆಳಸಾಲಿನ ಒಂದು ಪೀಪಾಯಿಯ ಬಿರಡೆ ತೆಗೆದು ಬಗ್ಗಿದಳು.

"ಚಿಕ್ಕಪ್ಪ, ಇಲ್ಲಿ ಬನ್ನಿ. ಉಗುರುಬಣ್ಣದ ವಾಸನೆ ಬರ್ತಿದೆ."

ಆ ವಾಸನೆ ಏನು ಹೇಳುತ್ತದೆಂದು ನನಗೆ ಗೊತ್ತು. ನನ್ನಪ್ಪ ನನಗೆ ಮೊದಲು ಕಲಿಸಿದ ಕೆಟ್ಟ ವಾಸನೆಯೇ ಅದು: ವೈನ್ ವಿನೆಗರ್ ಆಗಲು ಹೊರಟಾಗ ಮೊದಲ ಹೆಜ್ಜೆ. ಬಗ್ಗಿ ಮೂಸಿದೆ. ಗೋಡೆ ಮೂಸಿದಂತಿತ್ತು. ಆಗ ಬಾಯಿ ತಾನಾಗಿ ಮಾತಾಡಿತು.

"ಪಟ್ಟಣದ ಹುಡುಗೀರು ಉಗುರಿಗೆ ಬಣ್ಣ ಬಳ್ಕೊಂಡು ನೆಲಮಾಳಿಗೆಗೆ ಇಳಿದ್ರೆ ಇನ್ನೇನು ಮಲ್ಲಿಗೆ ವಾಸನೆ ಬರುತ್ತಾ?"

ಅವಳು ಕೈ ನೋಡಿಕೊಂಡಳು. "ಅಪ್ಪ ಹೋದ್ಮೇಲೆ ಹಚ್ಚೇ ಇಲ್ಲ ನಾನು."

"ಹಾಗಾದ್ರೆ ನಿನ್ನ ಔಷಧಿ ಅಂಗಡೀದು. ಚರ್ಮಕ್ಕೆ ಇಳಿದಿರುತ್ತೆ. ಮೂಗು ಅನ್ನೋದು ನಲವತ್ತು ವರ್ಷದ ವಿದ್ಯೆ ಮಗಳೇ, ಒಂದು ಶನಿವಾರದ್ದಲ್ಲ."

"ತಪ್ಪಾಯ್ತು ಚಿಕ್ಕಪ್ಪ." ಅಂಗಳದ ನಲ್ಲಿಯ ಬಳಿ ಹೋಗಿ ನಿಂಬೆಹಣ್ಣಿನಿಂದ ಕೈ ತಿಕ್ಕಿಕೊಂಡಳು. ಬಹಳ ಹೊತ್ತು ತಿಕ್ಕಿಕೊಂಡಳು. ನಾನು ಒಳಗೆ ಉಳಿದವನ್ನು ತುಂಬಿಸಿ ಮುಗಿಸಿದೆ. ನಿಲ್ಲಿಸಿದ್ದರೆ ಅವಳು ಕೇಳುತ್ತಿದ್ದಳು, ಯಾಕೆ ನಿಲ್ಲಿಸಿದಿರಿ ಎಂದು.

ಫೆಬ್ರುವರಿ 3, ಸಂತ ಬ್ಲಾಸ್ ಹಬ್ಬ

ಈ ಸಂತ ಗಂಟಲು ಕಾಯುವವನು. ಮೂಗು ಅಲ್ಲೇ ಮೇಲೆ ತಾನೇ, ಸ್ವಲ್ಪ ಕೈ ಚಾಚು ಎಂದು ಬೇಡಿಕೊಂಡೆ. ಪಾದ್ರಿಗಳು ಹರಸಿ ಕೊಟ್ಟ ಬ್ರೆಡ್ ತಿಂದೆ. ಹತ್ತಿ.

ಫೆಬ್ರುವರಿ 20

ತೊರಿಬಿಯೊ ನಡುಸಾಲಿನ ಪೀಪಾಯಿಯೊಂದರ ಸಡಿಲವಾದ ಕಬ್ಬಿಣದ ಪಟ್ಟಿ ಬಿಗಿಯಲು ಬಂದಿದ್ದ. ಮೆಟ್ಟಿಲ ಮೇಲೇ ನಿಂತುಬಿಟ್ಟ.

"ಇಲ್ಲಿ ಯಾರು ವಿನೆಗರ್ ಸುರಿದು ಸಲಾಡ್ ಮಾಡ್ತಿರೋದು?"

ನಾನು ನಗಲು ನೋಡಿದೆ. ಅವನು ನಗಲಿಲ್ಲ. ಸೀದಾ ದಾದಿಯ ಬಳಿ ಹೋದ, ಚಿಂದಿ ಎಳೆದ, ಮೂಗಿಗೆ ಹಿಡಿದು ದೂರ ಎಸೆದ.

"ಎಷ್ಟು ದಿನದಿಂದ ಇದೆ ಈ ಚಿಂದಿ?"

"ಮೊನ್ನೆ ಮೊನ್ನೆ..."

"ಎಲಾದಿಯೊ."

"ಸಂತ ಮಾರ್ಟಿನ್ ಹಬ್ಬದಿಂದ."

"ಇದರಿಂದ ಊಡಿಸಿದ್ಯಾ?"

ನಾನು ಹೌದೆಂದು ತಲೆ ಆಡಿಸಿದೆ. ಅವನು ನನ್ನ ಹತ್ತಿರ ಬಂದು ಆ ಚಿಂದಿಯನ್ನೇ ಮತ್ತೆ ಎತ್ತಿ ನನ್ನ ಮೂಗಿನ ಕೆಳಗೆ ಹಿಡಿದ. ನಾನು ಮಿಸುಕದೆ ನಿಂತೆ. ತೊರಿಬಿಯೊನ ಕೈ ನಿಧಾನಕ್ಕೆ ಇಳಿಯಿತು.

"ಅಯ್ಯೋ ಬಡ್ಡೀಮಗನೆ," ಅಂದ. ಬಯ್ಯುವ ಧ್ವನಿಯಲ್ಲಿ ಅನ್ನಲಿಲ್ಲ.

ಆಮೇಲೆ ಅವನು ಮೂಸಿದ, ನಾನು ಮೇಣದಬತ್ತಿ ಹಿಡಿದೆ. ಕೆಟ್ಟದ್ದಕ್ಕೆ ಸೀಮೆಸುಣ್ಣದಲ್ಲಿ ಅಡ್ಡಗೀಟು. ಕೆಳಸಾಲು ಪೂರ್ತಿ ಅಡ್ಡಗೀಟು. ನಡುಸಾಲು ಪೂರ್ತಿ. ಏಣಿ ಹತ್ತಿ ಮೇಲುಸಾಲಿಗೆ ಹೋದವನು ಒಂದು, ಎರಡು, ಎಂಟೂ ಮೂಸಿ ಇಳಿದ. ಗೀಟು ಹಾಕಲಿಲ್ಲ.

"ಇವು ಚೆನ್ನಾಗಿವೆ. ಸ್ವಲ್ಪ ಇಂಗಿವೆ, ಅಷ್ಟೇ. ಇವಕ್ಕೆ ಯಾಕೆ ಊಡಿಸಲಿಲ್ಲ?"

"ಏಣಿ ಹತ್ತೋಕೆ ಭಯ ಆಯ್ತು ಕಣೋ."

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು.

"ಅವಳಿಗೆ ಹೇಳು. ಈ ಶನಿವಾರ. ನೀನು ಹೇಳಲ್ಲ ಅಂದ್ರೆ ನಾನು ಹೇಳ್ತೀನಿ."

ಫೆಬ್ರುವರಿ 22

ಊಟ ಸೇರುತ್ತಿಲ್ಲ. ನಾಲ್ಕು ದಾರಿ ಯೋಚಿಸಿದ್ದೇನೆ. ಪೀಪಾಯಿಗಳನ್ನು ಒಡೆದು ತಪ್ಪನ್ನು ಹಿಮದ ಮೇಲೆ ಹಾಕುವುದು. ಒಳ್ಳೆಯ ಎಂಟನ್ನು ಕೆಟ್ಟದ್ದಕ್ಕೆ ಬೆರೆಸುವುದು. ಹಾಗೆ ಮಾಡಿದರೆ ಎಂಟೂ ಹೋಗುತ್ತವೆ. ಬಸ್ಸು ಹತ್ತಿ ಎಲ್ಲಿಗಾದರೂ ಹೋಗುವುದು. ನಾಲ್ಕನೆಯದನ್ನು ಬರೆಯುವುದಿಲ್ಲ.

ನಿಜ ಹೇಳುವುದು ಐದನೆಯದು. ಹೇಳಿದ ಮೇಲೆ ಎಲಾದಿಯೊ ಎಂದರೆ ಯಾರು? ಮದುವೆಯಿಲ್ಲ, ಮಕ್ಕಳಿಲ್ಲ, ನನ್ನ ಪಾಲಿನ ತೋಟವನ್ನು ಮೂವತ್ತು ವರ್ಷದ ಹಿಂದೆಯೇ ಅಣ್ಣನಿಗೆ ಬಿಟ್ಟುಕೊಟ್ಟೆ. ಈ ಊರಿಗೆ ಗೊತ್ತಿರುವುದು ನನ್ನ ಮೂಗು. ಅದರ ಹಿಂದೆ ನಿಂತಿರುವವನನ್ನು ಯಾರೂ ನೋಡಿಲ್ಲ. ನಾನೂ ಅಷ್ಟಾಗಿ ನೋಡಿಲ್ಲ.

ಫೆಬ್ರುವರಿ 24, ಶನಿವಾರ

ಹೇಳಿದೆ. ವೈನ್ ಕೆಟ್ಟಿದೆ ಎಂದೆ.

ಅವಳ ಮುಖ ಬಿಳಿಚಿಕೊಂಡಿತು. "ಯಾಕೆ ಚಿಕ್ಕಪ್ಪ? ಹೇಗೆ?"

ಅಲ್ಲೊಂದು ಗಳಿಗೆ ಇತ್ತು. ಆ ಗಳಿಗೆಯಲ್ಲಿ ನಾನು ಹೇಳಿದ್ದು ಇದು: "ಆ ವರ್ಷ ಗೊಂಚಲಲ್ಲೇ ಕೊಳೆರೋಗ ಇತ್ತು ಪುಟ್ಟಿ. ನಿಮ್ಮಪ್ಪನಿಗೆ ಕಾಣಿಸಲಿಲ್ಲ. ಬುಡದಲ್ಲೇ ಕೆಟ್ಟದ್ದನ್ನ ನಾನೆಷ್ಟು ಕಾಯಲಿ?"

ನಂಬಿಬಿಟ್ಟಳು. ಬಯ್ಯಲಿಲ್ಲ, ಅನುಮಾನಿಸಲಿಲ್ಲ. ದಾದಿಯ ಪಕ್ಕದ ಮಗುಚಿಟ್ಟ ಬುಟ್ಟಿಯ ಮೇಲೆ ಕೂತು, "ಕಣ್ಣಿಗೆ ಆಗಲೇ ಪೊರೆ ಬಂದಿತ್ತು ಅಪ್ಪನಿಗೆ. ನಾನು ರಜ ಹಾಕಿ ಬರ್ಬೇಕಾಗಿತ್ತು. ಗೊಂಚಲು ನಾನು ನೋಡ್ಬೇಕಾಗಿತ್ತು," ಅಂದಳು. ನನ್ನ ಕೈಯನ್ನು ಹಿಡಿದುಕೊಂಡಳು. "ನೀವೊಬ್ಬರೇ ಇದನ್ನ ಹೊತ್ಕೊಂಡಿದ್ರಾ ಇಷ್ಟು ದಿನ?"

ನಾನು ಹೂಂ ಅಂದೆ.

ಮಾರ್ಚ್ 2

ಕಾಸಿಲ್ದಾ ನಿರ್ಧಾರ ಮಾಡಿ ಬಂದಿದ್ದಾಳೆ. ಅಪ್ಪನ ಹೆಸರಿನಲ್ಲಿ ಬಾಟಲಿ ಮಾಡುವುದಿಲ್ಲವಂತೆ. ಕಲ್ಲುದಿಣ್ಣೆಯ ಬಳ್ಳಿಗಳಿಗೆ ಎಪ್ಪತ್ತು ವರ್ಷವಾಯಿತು, ಕೊಳೆ ಹಿಡಿಯುವ ತೋಟ ಇಟ್ಟುಕೊಂಡು ಏನು ಮಾಡುವುದು, ಕಿತ್ತು ಹಾಕಿಸುತ್ತೇನೆ ಎಂದಳು. ಹದಿನೆಂಟನೇ ತಾರೀಕು ಸೋಮವಾರಕ್ಕೆ ಟ್ರಾಕ್ಟರ್ ಹೇಳಿಯಾಗಿದೆ.

ಅತ್ತಿಗೆ ತಟ್ಟೆ ತೊಳೆಯುತ್ತ ತಿರುಗಿ ನೋಡಲಿಲ್ಲ. "ನಿಮ್ಮ ತಾತ ಆ ಕಲ್ಲುಗಳನ್ನ ಹಾರೆಯಲ್ಲಿ ಎಬ್ಬಿಸಿ ನೆಟ್ಟಿದ್ದು," ಅಂದಳು. ಅಷ್ಟೇ.

ಆ ತೋಟಕ್ಕೆ ಎಂದೂ ಕೊಳೆ ಬಂದಿಲ್ಲ. ಬೆಟ್ಟದ ಗಾಳಿ ಇಡೀ ದಿನ ಅಲ್ಲಿ ಬೀಸುತ್ತದೆ. ಅಣ್ಣ ಒಂದೊಂದು ಗೊಂಚಲನ್ನೂ ತಿರುಗಿಸಿ ನೋಡಿ ಬುಟ್ಟಿಗೆ ಹಾಕಿದ್ದ. ಕಣ್ಣಿಗೆ ಪೊರೆ ಬಂದಿದ್ದರಿಂದ ಎರಡೆರಡು ಸಲ ನೋಡಿದ್ದ.

ಮಾರ್ಚ್ 9

ಬಾರಿಗೆ ಹೋದೆ. ತೊರಿಬಿಯೊ ತನ್ನ ಲೋಟ ಎತ್ತಿಕೊಂಡು ಇನ್ನೊಂದು ತುದಿಗೆ ಹೋದ. ನಾನೂ ಹಿಂದೆಯೇ ಹೋದೆ.

"ಸತ್ತವನ ಮೇಲೆ ಹಾಕಿದ್ಯಲ್ಲೋ," ಅಂದ.

"ಹಾಗಾದ್ರೆ ನೀನೇ ಹೇಳಿಬಿಡೋ ಅವಳಿಗೆ. ಹೇಳ್ತೀನಿ ಅಂದಿದ್ದೆಯಲ್ಲ."

"ವೈನ್ ಕೆಟ್ಟಿದ್ದನ್ನ ನಾನು ಹೇಳ್ಬಹುದಿತ್ತು. ಇದನ್ನ ನಾನು ಹೇಳೋಕಾಗಲ್ಲ. ಇದು ನಿನ್ನ ಬಾಯಲ್ಲಿ ಹೋಗಿದ್ದು, ನಿನ್ನ ಬಾಯಲ್ಲೇ ವಾಪಸ್ ಬರ್ಬೇಕು."

ಬಾರಿನವನು ಕೇಳಿದ, "ಎಲಾದಿಯೊ, ಈ ಹೊಸ ಬಾಟಲಿ ಹೇಗಿದೆ ಹೇಳು ನೋಡೋಣ, ನಿನ್ನ ಮೂಗಿಗೆ." ನಾಲ್ಕು ಜನ ತಿರುಗಿದರು. ನಾನು ನೆಗಡಿ ಎಂದೆ.

ಮಾರ್ಚ್ 13

ಏನೂ ಬರೆಯಲು ಆಗುತ್ತಿಲ್ಲ. ಐದು ದಿನ ಇದೆ.

ಮಾರ್ಚ್ 15

ತೋಟಕ್ಕೆ ಹೋಗಿ ಕೂತಿದ್ದೆ. ಕಾಂಡಗಳು ನನ್ನ ತೊಡೆಯಷ್ಟು ದಪ್ಪ. ಕತ್ತರಿಸಿದ ಕೊಂಬೆಯ ತುದಿಯಲ್ಲಿ ನೀರು ಜಿನುಗುತ್ತಿದೆ, ಬಳ್ಳಿ ಅಳುವ ಕಾಲ. ಒಂದು ಹನಿ ನಾಲಿಗೆಯ ಮೇಲೆ ಬಿಟ್ಟುಕೊಂಡೆ. ತಣ್ಣಗಿತ್ತು. ಅಷ್ಟು ಮಾತ್ರ ನನಗೆ ಉಳಿದಿರುವುದು: ತಣ್ಣಗೆ, ಬಿಸಿ, ಚುರುಕು.

ಮಾರ್ಚ್ 16, ಶನಿವಾರ

ಮಧ್ಯಾಹ್ನದ ಊಟ. ಅತ್ತಿಗೆ ಆಲೂಗೆಡ್ಡೆ, ಚೊರಿಸೊ ಸಾಸೇಜ್ ಬೇಯಿಸಿ ಬಡಿಸಿದಳು. ಕಾಸಿಲ್ದಾ ಎದುರಿಗೆ. ಚಮಚ ಎತ್ತಿದೆ, ಇಟ್ಟೆ.

"ಅತ್ತಿಗೆ, ಇದು ನನಗೆ ಬಿಸಿ ಮಣ್ಣು."

"ಗೊತ್ತು," ಅಂದಳು ಅತ್ತಿಗೆ. "ಕ್ರಿಸ್‌ಮಸ್‌ಗೆ ಮುಂಚೆ ಹಾಲು ಸೀದು ಮನೆಯೆಲ್ಲ ಹೊಗೆ. ನೀನು ಒಲೆ ಪಕ್ಕದಲ್ಲೇ ಕೂತು ಫ್ರೆಂಚರ ಕಥೆ ಹೇಳ್ತಿದ್ದೆ. ಊಟದ ರುಚಿ ಹೋಗಿದೆ, ಅಣ್ಣ ಹೋದ ಸಂಕಟಕ್ಕೆ ಇರ್ಬೇಕು, ತಾನೇ ಹೇಳ್ಲಿ ಅಂತ ಸುಮ್ನಿದ್ದೆ. ಪೀಪಾಯಿ ಯೋಚನೆ ಈಗಿನವರೆಗೂ ನನ್ನ ತಲೆಗೆ ಬಂದಿರ್ಲಿಲ್ಲ."

ಕಾಸಿಲ್ದಾ ನಮ್ಮಿಬ್ಬರನ್ನೂ ನೋಡಿದಳು. "ಏನು ಪೀಪಾಯಿ?"

ಹೇಳಿದೆ. ಏಣಿಯಿಂದ ಬಿದ್ದದ್ದು. ಚಿಂದಿ. ಮೂಗಿಲ್ಲದೆ ನಾನು ಹೇಳಿದ ಚೆರ್ರಿ, ಚರ್ಮ, ಅತಿಮಧುರ. ಪುಸ್ತಕದಲ್ಲಿ ಸುಳ್ಳು ಗುರುತು. ಗೊಂಚಲು ಕೊಳೆತಿರಲಿಲ್ಲ, ಒಂದೂ ಕೊಳೆತಿರಲಿಲ್ಲ ಎಂಬುದು. ಮಾತುಗಳು ಒಂದರ ಹಿಂದೆ ಒಂದು ಬಂದವು, ಅಲಂಕಾರವಿಲ್ಲದೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ.

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಅಪ್ಪನ ಬಗ್ಗೆ ಕೇಳುತ್ತಾಳೆ ಎಂದುಕೊಂಡೆ, ತೋಟದ ಬಗ್ಗೆ, ವೈನಿನ ಬಗ್ಗೆ.

"ಆ ದಿನ ನಾನು ನಿಂಬೆಹಣ್ಣಲ್ಲಿ ಕೈ ತೊಳ್ಕೊಂಡೆ, ಚಿಕ್ಕಪ್ಪ. ಕೈ ಉರೀತಿತ್ತು. ಆಮೇಲೆ ಎರಡು ತಿಂಗಳು ಯಾವ ಪೀಪಾಯಿಗೂ ನಾನು ಬಗ್ಗಲಿಲ್ಲ. ನನಗೆ ಈ ಕೆಲಸ ಬರಲ್ಲ ಅಂದ್ಕೊಂಡೆ."

ಎದ್ದು ಹೋದಳು. ಫೋನ್ ಹತ್ತಿರ ನಿಂತು ಟ್ರಾಕ್ಟರಿನವನಿಗೆ ಬೇಡ ಎಂದು ಹೇಳಿದ್ದು ಕೇಳಿಸಿತು. ಬಾಗಿಲು ಹಾಕಿಕೊಂಡಳು. ಅತ್ತಿಗೆ ನನ್ನ ತಟ್ಟೆಯನ್ನು ಎತ್ತಲಿಲ್ಲ. "ತಿನ್ನು. ಮಣ್ಣಾದ್ರೂ ಹೊಟ್ಟೆಗೆ ಬೇಕು," ಅಂದಳು.

ಮಾರ್ಚ್ 18, ಸೋಮವಾರ

ರಜೆ ಹಾಕಿದ್ದಾಳೆ. ಬೆಳಿಗ್ಗೆಯೇ ನೆಲಮಾಳಿಗೆಗೆ ಕರೆದಳು. "ಏಣಿ ಹಿಡ್ಕೊಳ್ಳಿ," ಅಂದಳು, ಇಷ್ಟೇ ಮಾತು. ತಾನೇ ಹತ್ತಿದಳು. ಮೇಲುಸಾಲಿನ ಎಂಟು ಪೀಪಾಯಿಗೂ ಬಗ್ಗಿದಳು. ಒಂದೊಂದಕ್ಕೂ ನಾನು ಕೆಳಗಿನಿಂದ, "ಏನು ಬರ್ತಿದೆ?" ಎಂದು ಕೇಳಿದೆ, ಅವಳು ಹೇಳಿದ್ದನ್ನು ಬರೆದುಕೊಂಡೆ. ಮೂರನೆಯದರಲ್ಲಿ ಒಣ ಅಂಜೂರ. ಆರನೆಯದರಲ್ಲಿ ತಂಬಾಕಿನ ಡಬ್ಬಿ. ಎಂಟನೆಯದಕ್ಕೆ ಎರಡು ಸಲ ಬಗ್ಗಿದಳು. "ಮಳೆ ನಿಂತ ಮೇಲೆ ತೋಟಕ್ಕೆ ಹೋದ ಹಾಗಿದೆ," ಅಂದಳು. ಹಾಗೆಯೇ ಬರೆದೆ.

ಎಂಟು ಪೀಪಾಯಿಗೆ ಅಪ್ಪನ ಹೆಸರು ಹಾಕುತ್ತಾಳಂತೆ. ಉಳಿದದ್ದನ್ನು ವಿನೆಗರ್ ಮಾಡುವವರು ಗುರುವಾರ ಬಂದು ಒಯ್ಯುತ್ತಾರೆ.

ಇಳಿದು ಬಂದು ದಾಖಲೆ ಪುಸ್ತಕ ತೆರೆದು ನನ್ನ ಮುಂದಿಟ್ಟಳು.

"ಎಷ್ಟು ಹೋಯ್ತು ಅಂತ ಬರೀರಿ."

"ಕೆಲವು ಪೀಪಾಯಿ ಅಂತ..."

"ಅಲ್ಲ. ಅಪ್ಪ ಬರೀತಿದ್ದ ಹಾಗೆ."

ಅವಳು ನೋಡುತ್ತಿದ್ದಂತೆ ಅಲ್ಲಿ ಬರೆದೆ. ಯಾರೂ ನೋಡದಿದ್ದರೂ ಇಲ್ಲಿ ಬರೆಯುತ್ತಿದ್ದೇನೆ. ಕೆಳಸಾಲು ಹದಿನಾರು, ನಡುಸಾಲು ಹದಿನಾರು, ಒಟ್ಟು ಮೂವತ್ತೆರಡು ಪೀಪಾಯಿ, ಒಂದೊಂದಕ್ಕೆ ಇನ್ನೂರಿಪ್ಪತ್ತೈದು ಲೀಟರಿನಂತೆ ಏಳು ಸಾವಿರದ ಇನ್ನೂರು. ದಾದಿಯಲ್ಲಿ ಉಳಿದದ್ದು ನೂರ ಮೂವತ್ತು. ಏಳು ಸಾವಿರದ ಮುನ್ನೂರ ಮೂವತ್ತು ಲೀಟರ್. ಅದರಲ್ಲಿ ಒಂದು ತೊಟ್ಟೂ ಅಣ್ಣನ ತಪ್ಪಲ್ಲ.